ಕೈಗೆ ಕಸಬರಿಗೆ, ನಾಲಿಗೆಗೆ ಹಾಡು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ‘ಡಿ’ ದರ್ಜೆಯ ನೌಕರಳು. ಬೆಳಿಗ್ಗೆ ಗೇಟಿನ ಬೀಗ ತೆಗೆಯುವುದರಿಂದ ಹಿಡಿದು ಸಂಜೆ ಕೊನೆಯ ಕೊಠಡಿಯ ಕಿಟಕಿ ಮುಚ್ಚುವವರೆಗೆ ತರಗತಿಗಳನ್ನು ಗುಡಿಸುವುದು, ವರಾಂಡ ಒರೆಸುವುದು, ನೀರಿನ ತೊಟ್ಟಿ ತುಂಬಿಸುವುದು, ಶೌಚಾಲಯ ತೊಳೆಯುವುದು, ಅವಧಿ ಅವಧಿಗೂ ಗಂಟೆ ಬಾರಿಸುವುದು, ಮುಖ್ಯೋಪಾಧ್ಯಾಯರ ಸೂಚನಾ ಪುಸ್ತಕವನ್ನು ಕೊಠಡಿಯಿಂದ ಕೊಠಡಿಗೆ ಒಯ್ದು ಸಹಿ ಹಾಕಿಸಿಕೊಂಡು ಬರುವುದು ನನ್ನ ಕೆಲಸ. ಹಾಡು ಬರೆಯುವುದು ನನ್ನ ಹವ್ಯಾಸ. ಇಷ್ಟು ಕೆಲಸದ ನಡುವೆ ಬರೆಯಲು ಹೊತ್ತು ಎಲ್ಲಿ ಸಿಗುತ್ತದೆ ಎಂದು ಕೇಳುವವರು ಬಹಳ ಮಂದಿ. ನಾನು ಕಂಡುಕೊಂಡ ಉತ್ತರ ಇಷ್ಟು: ಹಾಡಿನ ಸಾಲು ಹುಟ್ಟುವುದು ಒಂದು ಕೆಲಸ, ಹುಟ್ಟಿದ ಸಾಲನ್ನು ತಿದ್ದುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಬಿಡುವು ಬೇಕಾಗಿಲ್ಲ. ಎರಡನೆಯದು ಬಿಡುವಿಲ್ಲದೆ ಆಗುವುದೇ ಇಲ್ಲ.

ಕಸಬರಿಗೆ ಹಿಡಿದವರ ಕೈ ಮತ್ತು ಸೊಂಟ ದಣಿಯುತ್ತವೆ, ಆದರೆ ನಾಲಿಗೆ ಖಾಲಿಯಾಗಿಯೇ ಇರುತ್ತದೆ. ನಮ್ಮ ಹಿಂದಿನ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕುಳಿತು ತ್ರಿಪದಿಗಳನ್ನು ಕಟ್ಟಿದ್ದು ಇದೇ ಅನುಕೂಲದಿಂದ. ಕಲ್ಲಿನ ಸುತ್ತು ಅವರಿಗೆ ಲಯವನ್ನು ಕೊಟ್ಟಿತು. ಮೂರು ಸಾಲಿನ ಪದ್ಯವಾದ್ದರಿಂದ ಕಾಗದವಿಲ್ಲದೆಯೂ ನೆನಪಿನಲ್ಲಿ ಉಳಿಯಿತು. ಉದ್ದನೆಯ ವರಾಂಡವನ್ನು ಗುಡಿಸುವಾಗ ನನಗೆ ನಾಲ್ಕು ಮಾತ್ರೆಯ ಗಣ, ಅಂದರೆ ನಾಲ್ಕು ಎಣಿಕೆಯಲ್ಲಿ ಉಚ್ಚರಿಸುವ ಅಕ್ಷರಗಳ ಗುಂಪು, ತಾನಾಗಿಯೇ ಒದಗುತ್ತದೆ. ಹಾಗೆ ಒಂದು ಬೆಳಿಗ್ಗೆ ಬಂದ ಸಾಲು ‘ಮುಂಜಾನೆಯ ಬಿಸಿಲು ಅಂಗಳ ತುಂಬಿತು’ ಎಂಬುದು. ಅದನ್ನು ಎರಡು ದಿನ ಗುನುಗಿದರೂ ನನಗೆ ಯಾವ ಕೊರತೆಯೂ ತೋರಲಿಲ್ಲ, ಏಕೆಂದರೆ ಹೆಚ್ಚಾದ ಮಾತ್ರೆಯನ್ನು ಹಾಡುವ ನಾಲಿಗೆ ನುಂಗಿಬಿಡುತ್ತದೆ. ರಾತ್ರಿ ಅಡುಗೆಮನೆಯ ಕೆಲಸ ಮುಗಿಸಿ ನೋಟುಬುಕ್ಕಿನಲ್ಲಿ ಬರೆದು, ಚಿಕ್ಕ ಉಚ್ಚಾರದ ಲಘುವಿಗೆ ಒಂದು, ದೀರ್ಘ ಉಚ್ಚಾರದ ಗುರುವಿಗೆ ಎರಡು ಎಂದು ಎಣಿಸಿದಾಗ, ಮೂರನೆಯ ಗಣದಲ್ಲಿ ಒಂದು ಮಾತ್ರೆ ಮಿಕ್ಕಿರುವುದು ಕಂಡಿತು. ‘ಬಿಸಿಲಂಗಳ’ ಎಂದು ಸಂಧಿ ಮಾಡಿದೊಡನೆ ಸಾಲು ಹದಿನಾರು ಮಾತ್ರೆಗೆ ಸರಿಯಾಗಿ ನಿಂತಿತು. ಅದರ ಕೆಳಗೆ ಆದಿಪ್ರಾಸಕ್ಕೆ, ಅಂದರೆ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಪ್ರಾಸಕ್ಕೆ, ಹೊಂದುವ ಮಾತನ್ನು ಹುಡುಕುತ್ತ ಕುಳಿತಾಗ ಎರಡನೆಯ ಸಾಲು ಬಂದಿತು:

ಮುಂಜಾನೆಯ ಬಿಸಿಲಂಗಳ ತುಂಬಿತು
ಅಂಜದೆ ಬನ್ನಿರಿ ಬಾಗಿಲು ತೆರೆದಿದೆ

ಬಾಗಿಲು ತೆರೆಯುವುದೇ ನನ್ನ ಉದ್ಯೋಗವಾದ್ದರಿಂದ ಈ ಸಾಲು ನನಗೆ ಬಹಳ ಪ್ರಿಯವಾದದ್ದು. ಗುಡಿಸುವಾಗ ಅದು ನನಗೆ ಎಂದಿಗೂ ಸಿಗುತ್ತಿರಲಿಲ್ಲ; ಎಣಿಸುತ್ತ ಕುಳಿತಿದ್ದರಿಂದ ಸಿಕ್ಕಿತು. ಆದ್ದರಿಂದ ರಾತ್ರಿಯ ಆ ಸ್ವಲ್ಪ ಹೊತ್ತನ್ನು ನಾನು ಮನೆಯವರಿಗೂ ಬಿಟ್ಟುಕೊಡುವುದಿಲ್ಲ.

ಶಾಲೆಯ ಎಲ್ಲ ಕೆಲಸಗಳ ನಡುವೆಯೂ ಹಾಡು ಕಟ್ಟಬಹುದು ಎಂದು ಮಾತ್ರ ಯಾರೂ ಭಾವಿಸಬಾರದು. ಶೌಚಾಲಯ ತೊಳೆಯುವಾಗ ನಾನು ಗುನುಗುವುದೂ ಇಲ್ಲ. ಬ್ಲೀಚಿಂಗ್ ಪುಡಿಯ ಮೇಲೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಅದು ಕಣ್ಣನ್ನೂ ಶ್ವಾಸಕೋಶವನ್ನೂ ಸುಡುತ್ತದೆ, ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಪ್ರಾಣವನ್ನೂ ತೆಗೆಯಬಲ್ಲದು. ಈ ಎರಡನ್ನು ಒಂದೇ ಹೊತ್ತಿಗೆ ಬಳಸಬಾರದೆಂಬುದನ್ನು ನಮ್ಮ ಕೆಲಸದ ಪ್ರತಿಯೊಬ್ಬರೂ ತಿಳಿದಿರಬೇಕು, ಕೈಯಲ್ಲಿ ಯಾವ ಡಬ್ಬಿ ಇದೆ ಎಂಬ ಕಡೆಗೆ ಪೂರ್ತಿ ಗಮನ ಇರಬೇಕು. ಗಂಟೆಯ ವಿಷಯವೂ ಅಷ್ಟೇ. ಒಂದು ಒಳ್ಳೆಯ ಪ್ರಾಸ ಹೊಳೆಯಿತೆಂದು ಗಂಟೆ ತಡವಾದರೆ ಇಡೀ ಶಾಲೆಯ ದಿನ ಜಾರುತ್ತದೆ. ಮಾರ್ಚ್ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಸಮೀಪಿಸಿ, ಡೆಸ್ಕುಗಳನ್ನು ಸರಿಸಿ ನೋಂದಣಿ ಸಂಖ್ಯೆ ಅಂಟಿಸುವ ಕೆಲಸ ಶುರುವಾದ ಮೇಲೆ ನೋಟುಬುಕ್ಕನ್ನು ಕಪಾಟಿನಲ್ಲಿಡುತ್ತೇನೆ. ಬೇಸಿಗೆ ರಜೆಯಲ್ಲಿ ಅದು ಮತ್ತೆ ಹೊರಬರುತ್ತದೆ.

ಶಾಲೆಯಲ್ಲಿರುವುದರಿಂದ ಹಾಡು ಬರೆಯುವವರಿಗೆ ಸಿಗುವ ಲಾಭವನ್ನೂ ಹೇಳಬೇಕು. ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆದು ನಾನೂ ಮಕ್ಕಳ ಹಿಂದೆ ನಿಲ್ಲುತ್ತೇನೆ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪವಾಗಲಿ ಪುನರಾವರ್ತನೆಯಾಗಲಿ ಇಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು 2022ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ಬಿಸಿಲಲ್ಲಿ ನಿಂತ ಮಕ್ಕಳು ಎಷ್ಟು ಹೊತ್ತು ಮನಸ್ಸಿಟ್ಟು ಹಾಡಬಲ್ಲರು, ಯಾವ ಸಾಲಿನಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಒತ್ತಕ್ಷರದಲ್ಲಿ ಎಂಟನೆಯ ತರಗತಿಯ ಹೊಸ ಮಕ್ಕಳು ತಡವರಿಸುತ್ತಾರೆ ಎಂಬುದನ್ನು ನಾನು ಅಲ್ಲಿ ನಿಂತೇ ಕಲಿತಿದ್ದೇನೆ. ಮಕ್ಕಳಿಗಾಗಿ ಬರೆಯುವ ಹಾಡಿಗೆ ನಾನು ಈಗ ಒಂದು ಪಲ್ಲವಿ, ಎರಡು ಚರಣಗಳಿಗಿಂತ ಹೆಚ್ಚು ಇಡುವುದಿಲ್ಲ.

ಗುಡಿಸುವುದು, ಪದ ಕಟ್ಟುವುದು ಎರಡೂ ಒಬ್ಬರಲ್ಲಿ ಕೂಡಿರುವುದು ನಮ್ಮ ನಾಡಿಗೆ ಹೊಸದಲ್ಲ. ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಹಿರೇಜಂಬೂರಿನ ಶರಣೆ ಸತ್ಯಕ್ಕ 12ನೆಯ ಶತಮಾನದವಳು. ಶಿವಭಕ್ತರ ಮನೆಯಂಗಳವನ್ನು ಗುಡಿಸುವುದು ಆಕೆಯ ಕಾಯಕವಾಗಿತ್ತು. ‘ಶಂಭುಜಕ್ಕೇಶ್ವರ’ ಎಂಬ ಅಂಕಿತದಲ್ಲಿ, ಅಂದರೆ ರಚಿಸಿದವರ ಗುರುತಾಗಿ ವಚನದಲ್ಲಿ ಬರುವ ಹೆಸರಿನಲ್ಲಿ, ಆಕೆ ಹೇಳಿದ ವಚನಗಳು ಇಂದಿಗೂ ನಮಗೆ ಓದಲು ಸಿಗುತ್ತವೆ. ಅಂಗಳ ಗುಡಿಸಿದವಳು ಎಂಬುದನ್ನು ಆಕೆಯ ಕಥೆ ಹೇಳುವವರು ಯಾರೂ ಮುಚ್ಚಿಡಲಿಲ್ಲ, ಅದಕ್ಕಾಗಿ ವಚನಗಳನ್ನು ಕಡಿಮೆಯೆಂದೂ ಎಣಿಸಲಿಲ್ಲ. ಬೀಸುಕಲ್ಲಿನ ಪದ ಕಟ್ಟಿದ ಸಾವಿರಾರು ತಾಯಂದಿರ ಹೆಸರು ಮಾತ್ರ ನಮಗೆ ಉಳಿಯಲಿಲ್ಲ, ಏಕೆಂದರೆ ಅವರ ಪದಗಳಿಗೆ ಅಂಕಿತವಿರಲಿಲ್ಲ.

ಹಾಗಾಗಿ ಹವ್ಯಾಸಕ್ಕೆ ಬರೆಯುವವರು ಹೆಸರಿನ ವಿಷಯದಲ್ಲಿ ಸಂಕೋಚಪಡಬಾರದೆಂದು ನಾನು ಒತ್ತಿ ಹೇಳುತ್ತೇನೆ. ಊರಿನ ಆರ್ಕೆಸ್ಟ್ರಾದವರು, ಆಲ್ಬಮ್ ಮಾಡುವ ಯುವಕರು ಬಂದು ‘ನಿಮ್ಮ ಒಂದು ಹಾಡು ಕೊಡಿ ಅಕ್ಕಾ’ ಎಂದು ಕೇಳಿದಾಗ ಸಂತೋಷದಲ್ಲಿ ಬರಿ ಬಾಯಿಮಾತಿನ ಮೇಲೆ ಕೊಟ್ಟುಬಿಡುವವರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸ್ವಂತವಾಗಿ ರಚಿಸಿದ ಹಾಡನ್ನು ಬರೆದಿಟ್ಟ ಕ್ಷಣದಿಂದಲೇ ಅದರ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಆ ಹಕ್ಕು ಬರೆದವರ ಜೀವಿತಾವಧಿಯಲ್ಲೂ ಅನಂತರ 60 ವರ್ಷಗಳವರೆಗೂ ಇರುತ್ತದೆ. ನೌಕರಿಯ ಕರ್ತವ್ಯದ ಭಾಗವಾಗಿ ಮಾಡಿದ ಕೃತಿ ಸಾಮಾನ್ಯವಾಗಿ ಉದ್ಯೋಗ ಕೊಟ್ಟವರದಾಗುತ್ತದೆ. ಆದರೆ ಗುಡಿಸುವ ಕೆಲಸಕ್ಕೆ ನೇಮಕವಾದವರು ಮನೆಯಲ್ಲಿ ಬರೆದ ಹಾಡು ಕರ್ತವ್ಯದ ಭಾಗವಲ್ಲ. 2012ರ ತಿದ್ದುಪಡಿಯಂತೂ, ಹಾಡು ಸಿನಿಮಾಕ್ಕೋ ಧ್ವನಿಮುದ್ರಿಕೆಗೋ ಹೋದ ಮೇಲೂ ಗೀತರಚನೆಕಾರರಿಗೆ ರಾಯಲ್ಟಿಯಲ್ಲಿ, ಅಂದರೆ ಹಾಡಿನ ಬಳಕೆಯಿಂದ ಬರುವ ಹಣದಲ್ಲಿ, ಪಾಲು ಪಡೆಯುವ ಹಕ್ಕನ್ನು ಉಳಿಸಿಕೊಟ್ಟಿದೆ. ಹಾಡಿನ ಕೆಳಗೆ ತಾರೀಖು ಹಾಕಿ, ತಿದ್ದಿದ ಪ್ರತಿಗಳನ್ನು ಹರಿಯದೆ ಇಟ್ಟುಕೊಂಡರೆ ಮುಂದೆ ಅವೇ ಸಾಕ್ಷಿಯಾಗುತ್ತವೆ.

ಹಣದ ಹಕ್ಕನ್ನು ಮಾರಿದರೂ ‘ಇದು ನನ್ನ ರಚನೆ’ ಎಂದು ಹೇಳಿಕೊಳ್ಳುವ ಹಕ್ಕು ಬರೆದವರಲ್ಲೇ ಉಳಿಯುತ್ತದೆ ಎಂಬುದು ಅದೇ ಕಾಯ್ದೆಯ ಮಾತು. ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ ಒಂದೇ. ಈ ವರ್ಷದ ವಾರ್ಷಿಕೋತ್ಸವಕ್ಕೆ ಸ್ವಾಗತಗೀತೆಯನ್ನು ಹೊರಗಿನಿಂದ ತರಿಸುವ ಮೊದಲು, ನಿಮ್ಮ ಕಚೇರಿಯ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತವರನ್ನೂ, ಬಿಸಿಯೂಟದ ಅಡುಗೆಯವರನ್ನೂ ಒಮ್ಮೆ ಕೇಳಿ ನೋಡಿ. ಅವರು ಬರೆದುಕೊಟ್ಟರೆ ಆಮಂತ್ರಣ ಪತ್ರಿಕೆಯಲ್ಲಿ ‘ರಚನೆ’ ಎಂಬುದರ ಮುಂದೆ ಅವರ ಪೂರ್ತಿ ಹೆಸರನ್ನು ಅಚ್ಚು ಮಾಡಿಸಿ.

ನಮಸ್ಕಾರ.