ಹಿಂದಿನ ದಶಕದ ಸಿನಿಮಾಗಳಲ್ಲಿ ನಿಮ್ಮ ಹತ್ತು ಯಾವುವು?

ಕೇಳುಗರಿಗೆ ನಮಸ್ಕಾರ.

ಹಿಂದಿನ ದಶಕದಲ್ಲಿ ನಿಮಗೆ ತುಂಬಾ ಇಷ್ಟವಾದ ಹತ್ತು ಸಿನಿಮಾ ಹೇಳಿ ಅಂತ ಯಾರಾದರೂ ಕೇಳಿದರೆ, ಮೊದಲ ಮೂರು ಹೆಸರು ಥಟ್ಟನೆ ಬಾಯಿಗೆ ಬರುತ್ತವೆ. ನಾಲ್ಕನೆಯದಕ್ಕೆ ತಡವರಿಸುತ್ತೇವೆ. ಐದನೆಯದಕ್ಕೆ ಫೋನ್ ಕೈಗೆತ್ತಿಕೊಳ್ಳುತ್ತೇವೆ. ಅಲ್ಲಿಗೆ ಪಟ್ಟಿ ಕೆಟ್ಟಿತು ಅಂತಲೇ ಲೆಕ್ಕ. ಫೋನಿನಲ್ಲಿ ಸಿಗುವುದು ಪ್ರಶಸ್ತಿ, ಗಳಿಕೆ, ರೇಟಿಂಗ್. ಅವೆಲ್ಲ ಬೇರೆಯವರ ಮೆಚ್ಚುಗೆ, ಅಲ್ವಾ?

ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ. ಕಥೆ ಮರೆತುಹೋಗಿದ್ದರೂ ಪರವಾಗಿಲ್ಲ. ಆ ಸಿನಿಮಾದ ಒಂದು ದೃಶ್ಯವಾದರೂ, ಯಾರೂ ಕೇಳದಿದ್ದರೂ, ಆಗಾಗ ತಾನಾಗಿಯೇ ನೆನಪಿಗೆ ಬರುತ್ತಿರಬೇಕು.

ಇರಾನಿನ ನಿರ್ದೇಶಕ ಅಸ್ಗರ್ ಫರ್ಹಾದಿಯವರ ‘ಎ ಸೆಪರೇಷನ್’ ನೋಡಿ. 2011ರ ಚಿತ್ರ. ಬರ್ಲಿನ್ ಚಿತ್ರೋತ್ಸವದಲ್ಲಿ ‘ಚಿನ್ನದ ಕರಡಿ’ ಪ್ರಶಸ್ತಿ ಬಂತು, ಆಮೇಲೆ ಆಸ್ಕರ್ ಕೂಡ ಬಂತು. ನನಗೆ ಪದೇ ಪದೇ ನೆನಪಾಗುವುದು ಮಾತ್ರ ಪೆಟ್ರೋಲ್ ಬಂಕಿನ ಒಂದು ಚಿಕ್ಕ ದೃಶ್ಯ. ಅಪ್ಪ ಮಗಳ ಕೈಯಲ್ಲೇ ಪೆಟ್ರೋಲ್ ಹಾಕಿಸುತ್ತಾನೆ. ಅವಳು ಚಿಲ್ಲರೆ ತಂದು ಕೊಟ್ಟಾಗ ಸ್ವಲ್ಪ ಕಡಿಮೆ ಇರುತ್ತದೆ. ಬಂಕಿನವನು ಟಿಪ್ಸ್ ಹಿಡಿದುಕೊಂಡಿದ್ದಾನೆ. ಪೆಟ್ರೋಲ್ ಹಾಕಿದವಳು ನೀನು, ಅವನಿಗೆ ಯಾಕೆ ಕೊಡಬೇಕು, ಹೋಗಿ ಇಸ್ಕೊಂಡು ಬಾ ಅನ್ನುತ್ತಾನೆ ಅಪ್ಪ. ಹುಡುಗಿಗೆ ಮುಜುಗರ. ಆದರೂ ಹೋಗಿ ಕೇಳಿ ತರುತ್ತಾಳೆ. ಆಗ ಅಪ್ಪ, ಅದು ನಿನಗೇ ಇರಲಿ ಅಂತ ಬಿಟ್ಟುಬಿಡುತ್ತಾನೆ. ಅಷ್ಟೇ. ಆ ಮನುಷ್ಯನ ಹಠ ಎಷ್ಟು, ಮಗಳ ಮೇಲಿನ ಪ್ರೀತಿ ಎಷ್ಟು ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ. ಕೊನೆಗೆ ಇದೇ ಹುಡುಗಿ ಅಪ್ಪ ಬೇಕೋ ಅಮ್ಮ ಬೇಕೋ ಅಂತ ನ್ಯಾಯಾಧೀಶರ ಮುಂದೆ ಹೇಳಬೇಕು. ಅವಳ ಉತ್ತರ ನಮಗೆ ತಿಳಿಯುವುದೇ ಇಲ್ಲ.

ಇದೇ ಪರೀಕ್ಷೆಯಲ್ಲಿ ದೊಡ್ಡ ಹೆಸರುಗಳೂ ಬಿದ್ದುಹೋಗುತ್ತವೆ. ರಿಚರ್ಡ್ ಲಿಂಕ್ಲೇಟರ್ ಅವರ ‘ಬಾಯ್‌ಹುಡ್’ 2014ರಲ್ಲಿ ಬಂತು. ಒಬ್ಬನೇ ಹುಡುಗ ಬೆಳೆದು ದೊಡ್ಡವನಾಗುವುದನ್ನು 12 ವರ್ಷಗಳ ಕಾಲ ಬಿಟ್ಟು ಬಿಟ್ಟು ಚಿತ್ರೀಕರಿಸಿದರು. ಆ ತಾಳ್ಮೆಗೆ ಕೈಮುಗಿಯುತ್ತೇನೆ. ಆದರೆ ನನಗೆ ನೆನಪಿರುವುದು ಸಿನಿಮಾ ತೆಗೆದ ಕಥೆ, ಸಿನಿಮಾ ಅಲ್ಲ. ಹಾಗಾಗಿ ಬಿಟ್ಟೆ. ನೀವು ಜಗಳಕ್ಕೆ ಬಂದರೂ ಸರಿಯೇ.

ರಾಮ್ ರೆಡ್ಡಿಯವರ ‘ತಿಥಿ’ಗೆ ಇಂಥ ಯೋಚನೆಯೇ ಬೇಕಾಗಲಿಲ್ಲ. ನಟನೆ ಗೊತ್ತಿಲ್ಲದ ಹಳ್ಳಿಯ ಜನರೇ ಅದರ ಪಾತ್ರಧಾರಿಗಳು. ಕುರಿ ಕಾಯುವವರ ಜೊತೆ ರಾತ್ರಿ ಬೆಂಕಿ ಮುಂದೆ ಕೂತು, ಗಡ್ಡಪ್ಪ ತನ್ನ ಹಳೇ ಸಂಕಟವನ್ನು ಹೇಳಿಕೊಳ್ಳುತ್ತಾನಲ್ಲ, ಅಲ್ಲಿಯವರೆಗೂ ನಾವು ನಗುತ್ತಲೇ ಇರುತ್ತೇವೆ. ಸುಮ್ನೆ ತಿರುಗಾಡುವ ಮುದುಕ ಅಂದುಕೊಂಡಿದ್ದವನು, ಆ ಮಾತು ಕೇಳಿದ ಮೇಲೆ ಬೇರೆಯೇ ಮನುಷ್ಯನಾಗಿ ಕಾಣುತ್ತಾನೆ.

ಇನ್ನೊಂದು ಮಾತು. ದಶಕ ಮುಗಿದ ಡಿಸೆಂಬರ್‌ನಲ್ಲೇ ಪಟ್ಟಿ ಮಾಡುವ ಆತುರ ಬೇಡ. ಹೊಸದಾಗಿ ನೋಡಿದ್ದು ಯಾವಾಗಲೂ ಜಾಸ್ತಿ ದೊಡ್ಡದಾಗಿ ಕಾಣುತ್ತದೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಸಾರ್ವಕಾಲಿಕ ಶ್ರೇಷ್ಠ ಚಿತ್ರ ಯಾವುದು ಅಂತ ವಿಮರ್ಶಕರನ್ನು ಕೇಳುತ್ತಾ ಬಂದಿದೆ. ಮೊದಲ ಸಲ ಗೆದ್ದದ್ದು ‘ಬೈಸಿಕಲ್ ಥೀವ್ಸ್’, ಆಗ ಅದು ಬಂದು ನಾಲ್ಕೇ ವರ್ಷ. ಮುಂದಿನ ಸಲಕ್ಕೇ ಆ ಜಾಗ ‘ಸಿಟಿಜನ್ ಕೇನ್’ ಪಾಲಾಯಿತು. 1958ರ ‘ವರ್ಟಿಗೋ’ ಮೊದಲ ಹತ್ತರೊಳಗೆ ಬಂದದ್ದೇ 1982ರಲ್ಲಿ, ತುದಿಗೇರಿದ್ದು 2012ರಲ್ಲಿ. 2022ರಲ್ಲಿ ಅದನ್ನೂ ಕೆಳಗಿಳಿಸಿ 1975ರ ‘ಜೀನ್ ಡಿಲ್ಮನ್’ ಮೇಲೆ ಬಂತು. ಅಷ್ಟು ಓದಿದ ವಿಮರ್ಶಕರೇ ಮನಸ್ಸು ಬದಲಾಯಿಸುತ್ತಾರೆ ಅಂದ ಮೇಲೆ, ನಾವು ಪೆನ್ಸಿಲಿನಲ್ಲಿ ಬರೆದುಕೊಂಡರೆ ತಪ್ಪೇನು?

ದಶಕ ಅಂದರೆ 2010ರಿಂದ 2019ರವರೆಗೋ, 2011ರಿಂದ 2020ರವರೆಗೋ ಅನ್ನುವ ವಾದವೂ ಇದೆ. ಅದನ್ನು ಲೆಕ್ಕದ ಮೇಷ್ಟ್ರಿಗೆ ಬಿಡೋಣ.

ನನ್ನ ಪಟ್ಟಿಯಲ್ಲಿ ಹತ್ತು ಇನ್ನೂ ತುಂಬಿಲ್ಲ. ತುಂಬಿಸಲೇಬೇಕು ಅಂತ ನಿಯಮವೂ ಇಲ್ಲ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ ಬಾಗಿಲಲ್ಲೇ ನಿಂತಿದೆ. 2014ರಲ್ಲಿ ತೆರೆಗೆ ಬಂದಾಗ ಅದಕ್ಕೆ ಸಿಗದ ಅಭಿಮಾನಿಗಳು ಆಮೇಲಿನ ವರ್ಷಗಳಲ್ಲಿ ಸಿಕ್ಕರು. ಒಂದೇ ಘಟನೆಯನ್ನು ಬೇರೆ ಬೇರೆಯವರ ಕಣ್ಣಿನಿಂದ ಹೇಳುವ ಚಿತ್ರ ಅದು, ಒಮ್ಮೆ ನೋಡಿ ತೀರ್ಮಾನ ಹೇಳುವುದು ಕಷ್ಟ. ಈ ಭಾನುವಾರ ಇನ್ನೊಂದು ಸಲ ನೋಡಿ ಹೇಳುತ್ತೇನೆ.

ನಮಸ್ಕಾರ.