ಬಾಲದ ಬಣ್ಣ ಒಂದೇ, ಪೈಲಟ್ ಬೇರೆ

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ವಿಮಾನದ ಒಳಗೆ ಹೋಗಿ ಬರೋಣ. ಅದರ ಹೆಸರು ಸಿಆರ್‌ಜೆ-550. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 2019ರಲ್ಲಿ ಇದನ್ನು ತಂದಿತು. ಒಳಗೆ ಇರುವುದು 50 ಸೀಟು. ಮುಂದಿನ ದರ್ಜೆಯವರು ತಾವೇ ಎದ್ದು ಹೋಗಿ ತಿಂಡಿ, ಜ್ಯೂಸ್ ತೆಗೆದುಕೊಳ್ಳಲು ಒಂದು ಪುಟ್ಟ ಕಟ್ಟೆ. ಬ್ಯಾಗ್ ಇಡಲು ನಾಲ್ಕು ಕಪಾಟು. ಕಾಲು ಚಾಚಲು ಜಾಗ. ಪ್ರಯಾಣಿಕರ ಮೇಲೆ ಎಷ್ಟು ಪ್ರೀತಿ ಅನಿಸುತ್ತದೆ, ಅಲ್ವಾ?

ಆದರೆ ಇದು ಹೊಸ ವಿಮಾನವೇನಲ್ಲ. ಸುಮಾರು 70 ಜನ ಕೂರುವ ಸಿಆರ್‌ಜೆ-700 ವಿಮಾನದ 20 ಸೀಟು ಕಿತ್ತು ಹೀಗೆ ಮಾಡಿದ್ದಾರೆ. ಒಂದೊಂದು ಸೀಟಿಗೂ ಲೆಕ್ಕ ಹಾಕುವ ವ್ಯಾಪಾರ ಇದು. ಇಲ್ಲಿ ಸುಮ್ನೆ ಯಾರಾದರೂ 20 ಸೀಟು ಕಿತ್ತು ಹಾಕುತ್ತಾರಾ? ಇದರ ಉತ್ತರ ಪೈಲಟ್‌ಗಳ ಕೆಲಸದ ಒಪ್ಪಂದದ ಮೊದಲ ಅಧ್ಯಾಯದಲ್ಲಿದೆ.

ಆ ಅಧ್ಯಾಯವನ್ನು ಪೈಲಟ್‌ಗಳು 'ಸ್ಕೋಪ್' ಅನ್ನುತ್ತಾರೆ. ನಮ್ಮ ಕಂಪನಿ ಹೆಸರಿನ ವಿಮಾನವನ್ನು ನಮ್ಮ ಪಟ್ಟಿಯ ಪೈಲಟ್‌ಗಳೇ ಹಾರಿಸಬೇಕು ಅನ್ನುವುದು ಅದರ ಮೂಲ ಮಾತು. ಆಮೇಲೆ ವಿನಾಯಿತಿಗಳು ಬರುತ್ತವೆ. ಇಷ್ಟು ಸೀಟಿನ ಒಳಗಿದ್ದರೆ, ಇಷ್ಟು ತೂಕದ ಒಳಗಿದ್ದರೆ, ಇಷ್ಟೇ ಸಂಖ್ಯೆಯಲ್ಲಿದ್ದರೆ ಹೊರಗಿನವರಿಗೆ, ಅಂದರೆ ದೊಡ್ಡ ಕಂಪನಿಯ ಹೆಸರಿನಲ್ಲಿ ಗುತ್ತಿಗೆಗೆ ಹಾರಿಸುವ ಚಿಕ್ಕ ಕಂಪನಿಗಳಿಗೆ, ಕೊಡಬಹುದು. ಅಮೆರಿಕನ್ ಏರ್‌ಲೈನ್ಸ್, ಡೆಲ್ಟಾ, ಯುನೈಟೆಡ್ ಈ ಮೂರು ದೊಡ್ಡ ಕಂಪನಿಗಳಲ್ಲೂ ಮೇಲಿನ ಗಡಿ 76 ಸೀಟು ಮತ್ತು 86,000 ಪೌಂಡ್ ತೂಕ. ಆ ದೊಡ್ಡ ಗಾತ್ರದವು ಎಷ್ಟಿರಬಹುದು ಅನ್ನುವುದಕ್ಕೂ ಮಿತಿ ಇದೆ. ಯುನೈಟೆಡ್‌ಗೆ ದೊಡ್ಡ ಗಾತ್ರದ ಲೆಕ್ಕದಲ್ಲಿ ಜಾಗ ಇರಲಿಲ್ಲ, 50 ಸೀಟಿನ ಲೆಕ್ಕದಲ್ಲಿ ಇತ್ತು. ಅದಕ್ಕೇ 20 ಸೀಟು ಕಿತ್ತದ್ದು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅಂತಾರಲ್ಲ, ಹಾಗೆ.

ಸ್ಕೋಪ್ ಅನ್ನುವ ಈ ಬೇಲಿಗೆ ಇಷ್ಟೊಂದು ಬೆಲೆ ಯಾಕೆ? ಅದು ಗೊತ್ತಾಗಬೇಕಾದರೆ ಸೀನಿಯಾರಿಟಿ ಪಟ್ಟಿ ಅಂದರೇನು ಅಂತ ಸ್ವಲ್ಪ ನೋಡಬೇಕು. ಪೈಲಟ್ ಕೆಲಸಕ್ಕೆ ಸೇರಿದ ದಿನ ಅವನಿಗೆ ಒಂದು ನಂಬರ್ ಸಿಗುತ್ತದೆ. ಯಾವ ವಿಮಾನ, ಯಾವ ಊರು, ಯಾವ ಹಬ್ಬಕ್ಕೆ ರಜೆ, ಯಾವಾಗ ಕ್ಯಾಪ್ಟನ್, ಎಲ್ಲ ಆ ನಂಬರಿನ ಮೇಲೆ. ಕೆಲಸಕ್ಕೆ ಕತ್ತರಿ ಬಿದ್ದರೆ ಕೆಳಗಿನ ನಂಬರಿನವರು ಮೊದಲು ಮನೆಗೆ. ನೀವು ಇಪ್ಪತ್ತು ವರ್ಷ ಹಾರಿಸಿದ ಕ್ಯಾಪ್ಟನ್ ಇರಬಹುದು. ಇನ್ನೊಂದು ಕಂಪನಿಗೆ ಹೋದರೆ ಪಟ್ಟಿಯ ಕೊನೆಯಲ್ಲಿ, ಕೋ-ಪೈಲಟ್ ಆಗಿ, ಹೊಸಬನ ಸಂಬಳಕ್ಕೆ ನಿಲ್ಲಬೇಕು. ಬೇರೆ ಕೆಲಸಗಳಲ್ಲಿ ಅನುಭವ ಜೊತೆಗೆ ಬರುತ್ತದೆ. ಇಲ್ಲಿ ಅನುಭವ ಬರುತ್ತದೆ, ನಂಬರ್ ಬರುವುದಿಲ್ಲ. ಹಾಗಾಗಿ ಕಂಪನಿ ಒಂದು ಹಾರಾಟವನ್ನು ಹೊರಗೆ ಕೊಟ್ಟಾಗ ಪೈಲಟ್‌ಗೆ ಕಾಣುವುದು ತನ್ನ ಪಟ್ಟಿ ಗಿಡ್ಡವಾದದ್ದು.

ಈ ಹೊರಗುತ್ತಿಗೆ ಬೆಳೆದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1978ರಲ್ಲಿ ಅಮೆರಿಕ ವಿಮಾನ ವ್ಯಾಪಾರದ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿತು. ದೊಡ್ಡ ಕಂಪನಿಗಳು ಕೆಲವೇ ದೊಡ್ಡ ನಿಲ್ದಾಣಗಳಲ್ಲಿ ಬೇರೂರಿದವು. ಚಿಕ್ಕ ಊರುಗಳಿಂದ ಅಲ್ಲಿಗೆ ಜನರನ್ನು ತಂದು ಸೇರಿಸಲು ಚಿಕ್ಕ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡವು. ಆಗ ಅವು ಪ್ರೊಪೆಲ್ಲರ್ ವಿಮಾನಗಳು. ದೊಡ್ಡ ಜೆಟ್ ಹಾರಿಸುವವರಿಗೆ ಅವು ಬೇಕಿರಲೂ ಇಲ್ಲ. 1993ರಲ್ಲಿ ಕೋಮೇರ್ ಅನ್ನುವ ಕಂಪನಿ ಅಮೆರಿಕದಲ್ಲಿ ಮೊದಲು 50 ಸೀಟಿನ ಹೊಸ ಜೆಟ್ ಹಾರಿಸಿತು. ಲೆಕ್ಕ ಬದಲಾದದ್ದು ಅಲ್ಲಿ. ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಕಂಪನಿಯ ಪೈಲಟ್‌ಗಳು ಆವತ್ತೇ ಆ ಚಿಕ್ಕ ಜೆಟ್ಟನ್ನು ಕೈಚಾಚಿ ತೆಗೆದುಕೊಳ್ಳಬೇಕಿತ್ತು, ಕಡಿಮೆ ಸಂಬಳಕ್ಕಾದರೂ ಸರಿ. ಬಿಟ್ಟುಕೊಟ್ಟರು. ಇವತ್ತಿನ ಜಗಳದ ಅರ್ಧ ಬೀಜ ಅಲ್ಲೇ ಬಿದ್ದದ್ದು.

ಕೋಮೇರ್ ವಿಷಯಕ್ಕೆ ಬಂದರೆ ಜಗಳ ಹತ್ತಿರದಿಂದ ಕಾಣುತ್ತದೆ. 2000ದ ಹೊತ್ತಿಗೆ ಡೆಲ್ಟಾ ಅದನ್ನು ಕೊಂಡುಕೊಂಡಾಗಿತ್ತು. ಮಾಲೀಕ ಒಬ್ಬನೇ. ಪೈಲಟ್‌ಗಳ ಸಂಘವೂ ಒಂದೇ, 1931ರಲ್ಲಿ ಹುಟ್ಟಿದ ಆಲ್ಪಾ. ಹಾಗಾದರೆ ಪಟ್ಟಿಯೂ ಒಂದಾಗಲಿ ಅಂದರು ಕೋಮೇರ್‌ನವರು. ಆಗಲಿಲ್ಲ. ಡೆಲ್ಟಾ ಪೈಲಟ್‌ಗಳ ಕಡೆಯಿಂದ ಯೋಚಿಸಿ ನೋಡಿ. ಪಟ್ಟಿ ಕೂಡಿದರೆ ಯಾರ ನಂಬರ್ ಎಲ್ಲಿ ಕೂರುತ್ತದೆ? ವರ್ಷಗಟ್ಟಲೆ ಕಾದು ಸಿಕ್ಕ ಜಾಗದ ಮೇಲೆ ಇನ್ನೊಬ್ಬರು ಬಂದು ಕೂತರೆ? ಅವರ ಭಯ ಸುಳ್ಳಲ್ಲ. ಕೋಮೇರ್ ಕಡೆಯಿಂದಲೂ ನೋಡಿ. ಎಷ್ಟು ದೊಡ್ಡ ವಿಮಾನ, ಎಷ್ಟು ವಿಮಾನ ನಿಮಗೆ ಅಂತ ಗೆರೆ ಎಳೆದದ್ದು ಇನ್ನೊಂದು ಗುಂಪಿನ ಒಪ್ಪಂದ. ಆ ಒಪ್ಪಂದಕ್ಕೆ ಸಹಿ ಹಾಕಿದ್ದು ತಾವೇ ಚಂದಾ ಕೊಡುವ ಸಂಘ. ಕೆಲವರು ಗುಂಪು ಕಟ್ಟಿಕೊಂಡು ತಮ್ಮ ಸಂಘದ ಮೇಲೆಯೇ ಕೋರ್ಟಿಗೆ ಹೋದರು.

ತಮಾಷೆ ಏನೆಂದರೆ, 2001ರ ಮಾರ್ಚ್‌ನಲ್ಲಿ ಕೋಮೇರ್ ಪೈಲಟ್‌ಗಳು ಸಂಬಳಕ್ಕಾಗಿ ಮುಷ್ಕರ ಹೂಡಿದರು. 89 ದಿನ ಒಂದು ವಿಮಾನವೂ ಹಾರಲಿಲ್ಲ. ಅವರಿಗೆ ಬೆನ್ನೆಲುಬಾಗಿ ನಿಂತದ್ದು ಅದೇ ಆಲ್ಪಾ. ಒಂದು ಕೈಯಲ್ಲಿ ಬೇಲಿ, ಇನ್ನೊಂದು ಕೈಯಲ್ಲಿ ಊಟ. ಮುಷ್ಕರದಿಂದ ಸಂಬಳ ಏರಿತು. ಅದಾದ 11 ವರ್ಷಕ್ಕೆ, 2012ರ ಸೆಪ್ಟೆಂಬರ್‌ನಲ್ಲಿ, ಡೆಲ್ಟಾ ಕೋಮೇರ್‌ಗೆ ಬೀಗ ಹಾಕಿತು. ಆ ಹಾರಾಟವನ್ನು ಬೇರೆಯವರು ಹಾರಿಸಿದರು.

ಇಲ್ಲಿ ಆಡಳಿತದ ಕೈಚಳಕ ನೋಡಬೇಕು. ಒಂದು ಚಿಕ್ಕ ಕಂಪನಿಯ ಪೈಲಟ್‌ಗಳಿಗೆ ಹೊಸ ವಿಮಾನ ತೋರಿಸುವುದು, ಸಂಬಳ ಬಿಟ್ಟುಕೊಟ್ಟರೆ ಇವು ನಿಮಗೆ, ಇಲ್ಲದಿದ್ದರೆ ಪಕ್ಕದವರಿಗೆ ಅನ್ನುವುದು. ಎರಡೂ ಕಡೆ ಹಲ್ಲಿರುವ ಗರಗಸದ ಹಾಗೆ, ಹೋದರೂ ಕೊಯ್ಯುತ್ತದೆ, ಬಂದರೂ ಕೊಯ್ಯುತ್ತದೆ. 2013ರಲ್ಲಿ, ಈಗ ಅಮೆರಿಕನ್ ಗುಂಪಿನಲ್ಲಿರುವ ಪಿಎಸ್‌ಎ ಎಂಬ ಚಿಕ್ಕ ಕಂಪನಿಯ ಪೈಲಟ್‌ಗಳು 30 ಹೊಸ ಜೆಟ್‌ಗಳಿಗಾಗಿ ಇಂಥ ಒಪ್ಪಂದಕ್ಕೆ ಒಪ್ಪಿದರು. ಅದೇ ಗುಂಪಿನ ಎನ್‌ವಾಯ್ ಪೈಲಟ್‌ಗಳು 2014ರಲ್ಲಿ ಆಗಲ್ಲ ಅಂದರು. ಅವರ ವಿಮಾನಗಳು ಬೇರೆಯವರ ಕೈಗೆ ಹೋಗುವ ಮಾತು ಶುರುವಾಯಿತು. ವರ್ಷ ಕಳೆಯುವುದರೊಳಗೆ ಅವರೂ ಒಂದು ಒಪ್ಪಂದಕ್ಕೆ ಬಂದರು. ಒಪ್ಪಿದವರನ್ನು ಬೈಯುವುದು ಸುಲಭ. ಮನೆ ಕಂತು ಕಟ್ಟುವವನಿಗೆ ಆ ಮತ ಹಾಕುವುದು ಎಷ್ಟು ಕಷ್ಟ ಅಂತ ಹೊರಗೆ ನಿಂತ ನಮಗೆ ಗೊತ್ತಾಗುವುದಿಲ್ಲ.

ಸಿಟ್ಟು ಎಲ್ಲಿ ಹೊರಬರುತ್ತದೆ ಗೊತ್ತಾ? ಜಂಪ್ ಸೀಟಿನಲ್ಲಿ. ಕಾಕ್‌ಪಿಟ್ ಒಳಗೆ, ಪೈಲಟ್‌ಗಳ ಹಿಂದೆ ಮಡಚಿ ಇಡುವ ಒಂದು ಸೀಟು ಇರುತ್ತದೆ. ಬೇರೆ ಊರಿನಲ್ಲಿ ಮನೆ ಇರುವ ಪೈಲಟ್‌ಗಳು ಕೆಲಸಕ್ಕೆ ಹೋಗಿಬರಲು ಇನ್ನೊಂದು ಕಂಪನಿಯ ವಿಮಾನದಲ್ಲೂ ಅದನ್ನು ಪುಕ್ಕಟೆ ಕೇಳಬಹುದು. ಕಾಕ್‌ಪಿಟ್ ಬಾಗಿಲಲ್ಲಿ ನಿಂತು ಕ್ಯಾಪ್ಟನ್‌ನ ಅನುಮತಿ ಕೇಳುವುದು ಈ ವೃತ್ತಿಯ ಮರ್ಯಾದೆ. ಸಾಮಾನ್ಯವಾಗಿ ಬನ್ನಿ ಕೂತ್ಕೊಳ್ಳಿ ಅಂತಾರೆ. ಬೇಡ ಅನ್ನುವ ಅಧಿಕಾರವೂ ಕ್ಯಾಪ್ಟನ್‌ಗೆ ಇದೆ. ಟ್ರಾನ್ಸ್ ಸ್ಟೇಟ್ಸ್ ಎಂಬ ಚಿಕ್ಕ ಕಂಪನಿ ಅಮೆರಿಕನ್‌ಗಾಗಿ ಹಾರಿಸುತ್ತಿತ್ತು. ಅಮೆರಿಕನ್ ಪೈಲಟ್‌ಗಳ ಒಪ್ಪಂದದ ಬೇಲಿಯಿಂದಾಗಿ ಅದು ದೊಡ್ಡ ಜೆಟ್ ಹಾರಿಸುವಂತಿರಲಿಲ್ಲ. ಮಾಲೀಕರು ಗೋಜೆಟ್ ಅಂತ ಇನ್ನೊಂದು ಕಂಪನಿ ತೆರೆದು, 2005ರಿಂದ ಯುನೈಟೆಡ್‌ಗಾಗಿ 70 ಸೀಟಿನ ಜೆಟ್ ಹಾರಿಸಿದರು. ಹಳೆಯ ಪೈಲಟ್‌ಗಳ ಪಟ್ಟಿ ಅಲ್ಲೇ ಉಳಿಯಿತು. ಹೊಸ ಕಂಪನಿಗೆ ಸೇರಿದವರಿಗೆ ಎಷ್ಟೋ ಕ್ಯಾಪ್ಟನ್‌ಗಳು ಜಂಪ್ ಸೀಟ್ ಕೊಡಲಿಲ್ಲ. ಕಂಪನಿ ಕಟ್ಟಿದವರು ಜಂಪ್ ಸೀಟು ಕೇಳಿಕೊಂಡು ಬರುವುದಿಲ್ಲವಲ್ಲ. ಬಾಗಿಲಲ್ಲಿ ನಿಂತವನು ಮೊದಲ ಜೆಟ್ ಕೆಲಸ ಸಿಕ್ಕಿತು ಅಂತ ಸೇರಿದ ಹುಡುಗ. ಅಂದ ಹಾಗೆ, ನಾನು ಶುರುವಿನಲ್ಲಿ ಹೇಳಿದ ಆ 50 ಸೀಟಿನ ವಿಮಾನವನ್ನು ಮೊದಲು ಹಾರಿಸಿದ್ದೂ ಇದೇ ಗೋಜೆಟ್.

ಜಂಪ್ ಸೀಟ್ ಅಂದಾಗ ಇನ್ನೊಂದು ಪ್ರಯಾಣ ನೆನಪಾಗುತ್ತದೆ. 2009ರ ಫೆಬ್ರವರಿ 12ರಂದು ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರ ಒಂದು ವಿಮಾನ ಬಿದ್ದು 50 ಜನ ಸತ್ತರು. ಟಿಕೆಟ್ ಮೇಲಿನ ಹೆಸರು ಕಾಂಟಿನೆಂಟಲ್ ಎಂಬ ದೊಡ್ಡ ಕಂಪನಿಯದು, ಹಾರಿಸಿದ್ದು ಕೋಲ್ಗನ್ ಎಂಬ ಚಿಕ್ಕ ಕಂಪನಿ. ಅದರ ಕೋ-ಪೈಲಟ್ ದೇಶದ ಆ ತುದಿಯ ಸಿಯಾಟಲ್ ಕಡೆಯಿಂದ ಈ ತುದಿಯ ನ್ಯೂವಾರ್ಕ್‌ಗೆ ರಾತ್ರಿಯಿಡೀ ಸರಕು ವಿಮಾನಗಳಲ್ಲಿ ಬಂದಿದ್ದರು. ಅವರ ಸಂಬಳ ವರ್ಷಕ್ಕೆ ಸುಮಾರು 16 ಸಾವಿರ ಡಾಲರ್ ಎಂಬ ಅಂಕಿ ವಿಚಾರಣೆಯಲ್ಲಿ ಬಂತು. ಅಪಘಾತಕ್ಕೆ ಮುಖ್ಯ ಕಾರಣ ಕ್ಯಾಪ್ಟನ್ ಎಚ್ಚರಿಕೆ ಬಂದಾಗ ತಪ್ಪಾಗಿ ನಡೆದುಕೊಂಡದ್ದು. ಎಲ್ಲವನ್ನೂ ಹೊರಗುತ್ತಿಗೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಒಂದೇ ಬಣ್ಣದ ಬಾಲದ ಹಿಂದೆ ಎಂಥ ಎರಡು ಬದುಕುಗಳಿವೆ ಅಂತ ಪ್ರಯಾಣಿಕರಿಗೆ ಗೊತ್ತಾದದ್ದು ಆವಾಗ.

ಇದು ಅಮೆರಿಕದ ರೋಗ ಮಾತ್ರ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಕ್ವಾಂಟಸ್ 2004ರಲ್ಲಿ ಜೆಟ್‌ಸ್ಟಾರ್ ಎಂಬ ಅಗ್ಗದ ಕಂಪನಿ ಶುರು ಮಾಡಿತು. 2011ರಲ್ಲಿ ಕ್ವಾಂಟಸ್ ಪೈಲಟ್‌ಗಳು ಕೇಳಿದ್ದು, ಟಿಕೆಟ್ ಮೇಲೆ ನಮ್ಮ ಕಂಪನಿಯ ಕೋಡ್ ಇರುವ ಹಾರಾಟಕ್ಕೆ ನಮ್ಮ ಷರತ್ತೇ ಇರಲಿ ಅಂತ. ಅವರ ಹೋರಾಟ ಎಷ್ಟು ಸೌಮ್ಯವಾಗಿತ್ತು ಅಂದರೆ, ಕೆಂಪು ಟೈ ಕಟ್ಟಿಕೊಂಡರು, ಪ್ರಯಾಣಿಕರಿಗೆ ಮೈಕಿನಲ್ಲಿ ತಮ್ಮ ವಿಷಯ ಹೇಳಿದರು. ಬೇರೆ ಸಂಘಗಳ ಜೊತೆಗೂ ಜಗಳ ನಡೆದಿತ್ತು. ಕೊನೆಗೆ ಅಕ್ಟೋಬರ್ 29ರಂದು ಕಂಪನಿಯೇ ಜಗತ್ತಿನಾದ್ಯಂತ ತನ್ನೆಲ್ಲ ವಿಮಾನಗಳನ್ನು ನೆಲಕ್ಕೆ ಇಳಿಸಿಬಿಟ್ಟಿತು. ಕಾರ್ಮಿಕ ನ್ಯಾಯಮಂಡಳಿ ಮಧ್ಯೆ ಬಂದ ಮೇಲೆ ಹಾರಾಟ ಶುರುವಾಯಿತು. ಫ್ರಾನ್ಸ್‌ನಲ್ಲೂ 2014ರಲ್ಲಿ ತಮ್ಮದೇ ಗುಂಪಿನ ಅಗ್ಗದ ಕಂಪನಿ ಟ್ರಾನ್ಸಾವಿಯಾ ವಿಷಯಕ್ಕೆ ಏರ್ ಫ್ರಾನ್ಸ್ ಪೈಲಟ್‌ಗಳು ಎರಡು ವಾರ ಮುಷ್ಕರ ಮಾಡಿದರು. ಊರು ಬೇರೆ, ಹಾಡು ಅದೇ.

ಈಗ ಯಾರ ಪರ ಅಂತ ನೀವು ನನ್ನನ್ನು ಕೇಳಬಹುದು. ಬೇಲಿ ಹಾಕಿದವರು ಲೋಭಿಗಳು ಅಂತ ನಾನು ಹೇಳಲಾರೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಯುಎಸ್ ಏರ್‌ವೇಸ್, ಯುನೈಟೆಡ್, ಡೆಲ್ಟಾ ಒಂದೊಂದಾಗಿ ದಿವಾಳಿ ಕೋರ್ಟಿಗೆ ಹೋದಾಗ ಈ ಬೇಲಿಯನ್ನೂ ಸಡಿಲಿಸಿದರು. 50 ಸೀಟು 70 ಆಯಿತು, 76 ಆಯಿತು. ದೊಡ್ಡ ಕಂಪನಿಗಳಲ್ಲಿ ಸಾವಿರಾರು ಜನ ಮನೆಗೆ ಹೋದರು. ಬೇಲಿಯ ಆಚೆ ಇದ್ದವರು ಕಳ್ಳರು ಅಂತಲೂ ಹೇಳಲಾರೆ. ನನಗೆ ಎದ್ದು ಕಾಣುವುದು ಬೇರೆ ಒಂದು ಸಂಗತಿ. ಇವರು ಎರಡು ಜಾತಿಯ ಜನ ಅಲ್ಲ. ಇಪ್ಪತ್ತೈದರ ವಯಸ್ಸಿನಲ್ಲಿ ಚಿಕ್ಕ ಕಂಪನಿಯಲ್ಲಿ ಕೂತು ಬೇಲಿಯನ್ನು ಬೈದವನೇ ನಲವತ್ತರಲ್ಲಿ ದೊಡ್ಡ ಕಂಪನಿ ಸೇರಿ, ಬೇಲಿ ಇನ್ನೂ ಎತ್ತರ ಮಾಡಿ ಅಂತ ಮತ ಹಾಕುತ್ತಾನೆ.

2022ರಲ್ಲಿ ಪೈಲಟ್‌ಗಳೇ ಸಿಗದಂತಾದಾಗ ಪಿಎಸ್‌ಎ, ಎನ್‌ವಾಯ್‌ಗಳಲ್ಲಿ ಹೊಸ ಕೋ-ಪೈಲಟ್‌ಗೆ ಗಂಟೆಗೆ 90 ಡಾಲರ್ ಕೊಡಲು ಶುರು ಮಾಡಿದರು. ಸಂಬಳ ಬಿಟ್ಟುಕೊಡಿ ಅಂತ ಅದಕ್ಕೆ ಎಂಟು ವರ್ಷ ಮೊದಲು ಎನ್‌ವಾಯ್‌ನವರನ್ನು ಕೇಳಿದ್ದೂ ಇದೇ ಗುಂಪಿನ ಆಡಳಿತ. ಇಷ್ಟು ದುಡ್ಡು ಕೊಟ್ಟ ಮೇಲೆ ಹೊರಗುತ್ತಿಗೆಯಿಂದ ಉಳಿಯುವುದೆಷ್ಟು ಅಂತ ಕಂಪನಿಗಳು ಈಗ ಲೆಕ್ಕ ಹಾಕಬೇಕಾಗಿದೆ. ಆದರೆ ಪಟ್ಟಿಗಳು ಮಾತ್ರ ಇನ್ನೂ ಬೇರೆ ಬೇರೆಯೇ ಇವೆ.

ನನ್ನ ಮಾತು ಇಷ್ಟು. ಈಗ ನೀವು ಕೇಳಿ.