ತುಮಕೂರು: ಹಾಸ್ಟೆಲುಗಳು ಬೆಳೆಸಿದ ಊರು

ನಮಸ್ಕಾರ. ನೀವೀಗ ನೋಡುತ್ತಿರುವುದು ತುಮಕೂರಿನ ಬಿ.ಎಚ್. ರಸ್ತೆಯನ್ನು. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ಈ ಊರಿಗೆ ವಿಶ್ವವಿದ್ಯಾನಿಲಯ ಬಂದದ್ದು 2004ರಲ್ಲಿ. ಆದರೆ ಓದುವವರ ಊರು, ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವ ಊರು ಎಂಬ ಹೆಸರು ಅದಕ್ಕಿಂತ ಎಷ್ಟೋ ಹಳೆಯದು. ಆ ಹೆಸರನ್ನು ಗಳಿಸಿಕೊಟ್ಟದ್ದು ತರಗತಿಗಳಿಗಿಂತ ಹೆಚ್ಚಾಗಿ ಇಲ್ಲಿನ ಉಚಿತ ಹಾಸ್ಟೆಲುಗಳು ಎಂದೇ ನನ್ನ ನಂಬಿಕೆ.

ಕ್ಯಾತ್ಸಂದ್ರದ ಪಕ್ಕದ ಸಿದ್ಧಗಂಗಾ ಮಠಕ್ಕೆ ಸಂಜೆಯ ಹೊತ್ತಿಗೆ ಬನ್ನಿ. ಸಾಮೂಹಿಕ ಪ್ರಾರ್ಥನೆ ಮುಗಿಸಿ, ತಟ್ಟೆ ಹಿಡಿದು ಊಟಕ್ಕೆ ಸಾಲುಗಟ್ಟುವ ಸಾವಿರಾರು ಮಕ್ಕಳಲ್ಲಿ ಯಾರು ಯಾವ ಜಾತಿ, ಯಾವ ಧರ್ಮದವರೆಂಬುದು ನೋಡುವವರಿಗೆ ತಿಳಿಯುವುದಿಲ್ಲ. 2019ರಲ್ಲಿ, 111ರ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ಹಾಗೆಯೇ ನಡೆಸಿಕೊಂಡು ಬಂದರು. ಮಠದ ಆಶ್ರಯದಲ್ಲಿ 1963ರಲ್ಲೇ ಎಂಜಿನಿಯರಿಂಗ್ ಕಾಲೇಜೂ ಆರಂಭವಾಯಿತು.

ಈ ಊರಿನ ಉದಾರತೆಗೆ ಇನ್ನೊಂದು ಬೇರೂ ಇದೆ. ದಲಿತ ಸಮುದಾಯದ ಎಚ್.ಎಂ. ಗಂಗಾಧರಯ್ಯನವರು 1959ರಲ್ಲಿ ಸಿದ್ಧಾರ್ಥ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಇಂಗ್ಲಿಷ್ ಅಧ್ಯಾಪಕರೂ ಕವಿಯೂ ಆಗಿದ್ದ ಕೆ.ಬಿ. ಸಿದ್ದಯ್ಯನವರಂಥವರು ದಲಿತ ಚಳವಳಿಯನ್ನೂ ಕಾವ್ಯವನ್ನೂ ಇಲ್ಲಿ ಒಟ್ಟೊಟ್ಟಿಗೆ ಬೆಳೆಸಿದರು. ಸಿದ್ಧಗಂಗೆಯ ದಾಸೋಹವನ್ನು ಹೊಗಳುವವರು ಈ ಪರಂಪರೆಯನ್ನು ಮರೆಯಬಾರದು.

  

ಆದರೆ ಹಾಸ್ಟೆಲಿನ ಊಟದ ಸಾಲಿನಲ್ಲಿ ಕಾಣುವ ಸಮಾನತೆ ಬಾಡಿಗೆ ಮನೆಯ ಬಾಗಿಲಿನಲ್ಲಿ ಇನ್ನೂ ಕಾಣುತ್ತಿಲ್ಲ. ಸ್ನಾತಕೋತ್ತರ ಓದಿಗೆಂದು ಪಾವಗಡದ ಕಡೆಯಿಂದ ಬಂದ, ಮನೆಯಲ್ಲಿ ತೆಲುಗು ಮಾತನಾಡುವ ನನ್ನ ಗೆಳತಿಯೊಂದಿಗೆ ರೂಮು ಹುಡುಕಲು ನಾನೂ ಹೋಗಿದ್ದೆ. ಮೂರು ಮನೆಗಳಲ್ಲಿ ಬಾಡಿಗೆ, ಅಡ್ವಾನ್ಸ್ ಎಲ್ಲ ಒಪ್ಪಿಗೆಯಾದ ಮೇಲೆ ಅದೇ ಪ್ರಶ್ನೆ ಬಂತು: “ನೀವು ಯಾವ ಜನ, ತಾಯಿ?” ದನಿಯಲ್ಲಿ ಒರಟುತನವಿರಲಿಲ್ಲ, ಕುಡಿಯಲು ನೀರನ್ನೂ ಕೊಟ್ಟಿದ್ದರು, ಉತ್ತರ ಕೇಳಿದ ಮೇಲೆ ಮಾತ್ರ ರೂಮು ಖಾಲಿ ಇಲ್ಲವೆಂದರು. ಅಂದು ನನಗಾದ ಸಂಕಟ ಇಂದಿಗೂ ಆರಿಲ್ಲ.

ಅವಳು ಹಾಸ್ಟೆಲಿಗೇ ಸೇರಿ, ಓದು ಮುಗಿಯುವವರೆಗೂ ಅಲ್ಲಿಯೇ ಉಳಿದಳು. ಈಗ ಪರದೆಯ ಮೇಲೆ ಕಾಣುತ್ತಿರುವುದು ಪರೀಕ್ಷೆಯ ದಿನಗಳಲ್ಲಿ ಅವಳು ಪುಸ್ತಕ ಹಿಡಿದು ಕೂರುತ್ತಿದ್ದ ಮೆಟ್ಟಿಲು.